ಬಟ್ಟೆಯಿಲ್ಲದ ಹೊಲಿಗೆ

ಟೈಲರಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಅಂಥವಳು ಯುದ್ಧದ ಕಾಲದಲ್ಲಿ ಗಂಡನನ್ನೇ ಅಟ್ಟದ ಮೇಲೆ ಬಚ್ಚಿಟ್ಟುಕೊಂಡಳು, ಯಾರಿಗೂ ಸುಳಿವು ಸಿಗಲಿಲ್ಲ. ಬೀದಿಯವರ ಜಾಣತನ ಅಷ್ಟಕ್ಕಷ್ಟೇ.

ಅವನು ರಣರಂಗದಿಂದ ತಪ್ಪಿಸಿಕೊಂಡು ಬಂದಿದ್ದ. ಸಿಕ್ಕಿಬಿದ್ದರೆ ಗುಂಡೇ ಗತಿ. ಸರ್ಕಾರದ ಲೆಕ್ಕದಲ್ಲಿ ಅವನು ಕಾಣೆಯಾದವನು. ಬಂದವರು ಅಯ್ಯೋ ಪಾಪ ಎಂದಾಗ ಅವಳು ಅಳುತ್ತಿದ್ದಳು. ನಾಟಕ ಅನ್ನಬೇಡಿ, ಆ ಅಳು ನಿಜವಾದದ್ದೇ, ಭಯದ್ದು. ಅಟ್ಟದ ಹಲಗೆ ಕಿರುಗುಟ್ಟಿದರೆ, ಅವನಿಗೆ ಕೆಮ್ಮು ಬಂದರೆ, ಗಡಗಡ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಸೈನಿಕರ ಅಂಗಿ ಹೊಲಿಯುವ ಮನೆಯಲ್ಲಿ ಮಿಷನ್ ಸದ್ದಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಅಂಗಿಗಳಿಗೆ ಗುಂಡಿಯ ಕಾಜಾ ಹಾಕಲು ಎದುರುಮನೆ ಅಕ್ಕ ಬರುತ್ತಿದ್ದಳು. ಅವಳ ಒಬ್ಬನೇ ಮಗ ಟೈಲರಮ್ಮನ ಗಂಡನ ತುಕಡಿಯಲ್ಲೇ ಇದ್ದು ಸತ್ತಿದ್ದ. ಹೇಗೆ ಸತ್ತನೆಂದು ಅವಳಿಗೆ ಹೇಳುವವರೇ ಇರಲಿಲ್ಲ. ಅಟ್ಟದ ಮೇಲಿದ್ದವನಿಗೆ ಎಲ್ಲವೂ ಗೊತ್ತಿತ್ತು. ಹುಡುಗ ಅವನ ತೊಡೆಯ ಮೇಲೆ ತಲೆಯಿಟ್ಟು, ಹೆಚ್ಚು ಒದ್ದಾಡದೆ, ಅಮ್ಮನನ್ನು ಕರೆಯುತ್ತಲೇ ಕಣ್ಣು ಮುಚ್ಚಿದ್ದ. ಗಂಡ ಇದನ್ನು ಹೇಳಿದಾಗಿನಿಂದ ಟೈಲರಮ್ಮನಿಗೆ ಅಕ್ಕನ ಮುಖ ನೋಡುವುದೇ ಹಿಂಸೆಯಾಗಿತ್ತು.

ಒಂದು ಮಧ್ಯಾಹ್ನ ಮೇಲಿಂದ ಕೆಮ್ಮು ಕೇಳಿಸಿತು. ಅವಳು ಗಾಬರಿಯಲ್ಲಿ ಮಿಷನ್ ತುಳಿದಳು, ಬಟ್ಟೆ ಇಡುವುದನ್ನೇ ಮರೆತಳು. ಬೇರೆ ಯಾರಾದರೂ ಆಗಿದ್ದರೆ ನಡೆದುಹೋಗುತ್ತಿತ್ತು. ಜೀವಮಾನವಿಡೀ ಮಿಷನ್ ಪಕ್ಕ ಕೂತವಳಿಗೆ ಬರೀ ಸೂಜಿ ಓಡುವ ಸದ್ದು ಗೊತ್ತಾಗದೆ ಇರುತ್ತದೆಯೇ? ಅಕ್ಕ ಸೂಜಿ ನೋಡಿದಳು, ಅಟ್ಟ ನೋಡಿದಳು, ಕೈಯಲ್ಲಿದ್ದ ಅಂಗಿ ಕೆಳಗಿಟ್ಟಳು.

“ನಾನು ಯಾರಿಗೂ ಹೇಳಲ್ಲ ಕಣೇ. ಒಂದೇ ಒಂದು ಮಾತು ಅವನ್ನ ಕೇಳಿ ಹೇಳು. ನನ್ನ ಮಗ ತುಂಬಾ ಒದ್ದಾಡಿದ್ನಾ?”

ಉತ್ತರ ನಾಲಿಗೆಯ ತುದಿಗೆ ಬಂತು. ಅಕ್ಕ ಒಳ್ಳೆಯವಳೇ. ಆದರೆ ಸಂಕಟ ತಡೆಯಲಾರದೆ ಎಲ್ಲಾದರೂ ಬಾಯಿಬಿಟ್ಟರೆ ಗಂಡನ ಕಥೆ ಮುಗಿಯಿತು.

“ಮೇಲೆ ಯಾರೂ ಇಲ್ಲ ಅಕ್ಕಾ,” ಎಂದಳು. “ಮಗ ಹೋದ್ಮೇಲೆ ನಿಂಗೆ ಏನೇನೋ ಕೇಳ್ಸುತ್ತೆ.”

ಅಕ್ಕ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಳು. ಉಳಿದ ಕಾಜಾ ಮುಗಿಸಿ ಹೋದವಳು ಮತ್ತೆ ಬರಲಿಲ್ಲ.

ಕೆಲವು ವಾರಗಳ ಮೇಲೆ ಓಡಿಬಂದವರನ್ನು ಹುಡುಕುತ್ತ ಸೈನಿಕರು ಬೀದಿಗೆ ಬಂದರು. ಟೈಲರಮ್ಮ ಕಿಟಕಿಯ ಹಿಂದೆ ನಿಂತಿದ್ದಳು. ಎದುರು ಬಾಗಿಲಲ್ಲಿ ಅಕ್ಕ ಅವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಅವಳೊಬ್ಬಳೇ ಇರೋದು ಸ್ವಾಮಿ. ನಾನು ದಿನಾ ಅಲ್ಲೇ ಕೂತು ಕೆಲಸ ಮಾಡ್ತೀನಲ್ಲ.” ಸೈನಿಕರು ಮುಂದೆ ಹೋದರು.

ಆವತ್ತೇ ಓಡಿಹೋಗಿ ಹೇಳಬಹುದಿತ್ತು. ನಾಚಿಕೆ ಬಿಡಲಿಲ್ಲ. ಯಾವ ಮುಖ ಹೊತ್ತುಕೊಂಡು ಆ ಹೊಸ್ತಿಲು ತುಳಿಯಲಿ ಎಂದುಕೊಂಡು ನಾಳೆ, ನಾಡಿದ್ದು ಎಂದು ದೂಡಿದಳು. ಅಷ್ಟರಲ್ಲಿ ಅಕ್ಕ ಜ್ವರ ಬಂದು ಮಲಗಿದವಳು ಏಳಲಿಲ್ಲ.

ಸುದ್ದಿ ಕೇಳಿ ಟೈಲರಮ್ಮ ಹೋದಳು. ಹೆಂಗಸರು ಅವಳಿಗೆ ದಾರಿ ಬಿಟ್ಟರು. ಬಗ್ಗಿ, ಅಕ್ಕನ ಕಿವಿಗೆ ಬಾಯಿಟ್ಟು, “ಒದ್ದಾಡ್ಲಿಲ್ಲ ಅಕ್ಕಾ, ನಿನ್ನನ್ನೇ ಕರೆದ,” ಎಂದಳು. ಕಿವಿ ತಣ್ಣಗಿತ್ತು.