ತೋಫು ಟೊಕುಮಾತ್ಸು ಮನೆಗೆ ದೇವರು ಹೊರಟ ದಿನ

ಇಜುಮೊ ಕಡಲದಂಡೆಯ ಆ ಹಳ್ಳಿಯಲ್ಲಿ ದೇವರು ವರ್ಷಕ್ಕೊಂದು ಮನೆಯಲ್ಲಿ ಬಿಡಾರ ಹೂಡುತ್ತಿದ್ದ. ಮನೆ ಆರಿಸುವವನೂ ಅವನೇ. ಯಜಮಾನರ ಹೆಸರಿನ ಚೀಟಿಗಳನ್ನು ತಟ್ಟೆಯಲ್ಲಿ ಹರಡಿ, ಅರ್ಚಕರು ಬಿಳಿ ಕಾಗದದ ಪಟ್ಟಿ ಕಟ್ಟಿದ ಕೋಲನ್ನು ಮೇಲೆ ಆಡಿಸುವರು. ಯಾವ ಚೀಟಿ ಪಟ್ಟಿಗೆ ಅಂಟಿಕೊಂಡು ಮೇಲೇಳುತ್ತದೋ, ದೇವರು ಆ ಮನೆಗೆ. ಸೋಯಾ ಹಾಲು ಒಡೆಸಿ ತೋಫು ಗಟ್ಟಿ ಮಾಡಿ ಮಾರುವ ಟೊಕುಮಾತ್ಸುವಿನ ಚೀಟಿ ಮಾತ್ರ, ಅವನು ಮದುಮಗನಾಗಿದ್ದಾಗಿನಿಂದ ಅಜ್ಜನಾಗುವ ಕಾಲ ಬಂದರೂ ತಟ್ಟೆ ಬಿಟ್ಟು ಕದಲಿರಲಿಲ್ಲ. "ಚೀಟಿನೂ ತೋಫು ಜೊತೆ ನೀರಲ್ಲಿ ನೆನೆಹಾಕ್ತೀಯೇನೋ, ಭಾರಕ್ಕೆ ಏಳಲ್ಲ" ಎಂದು ಪಕ್ಕದ ಮನೆಯ ಮೀನುಗಾರ ಗೆನ್ಸಾಕು ಪ್ರತಿವರ್ಷ ತಪ್ಪದೆ ರೇಗಿಸುತ್ತಿದ್ದ.

ಆ ವರ್ಷ ಎದ್ದಿತು ನೋಡಿ! ಅರ್ಚಕರು ಹೆಸರು ಓದಿದರೂ ಟೊಕುಮಾತ್ಸು ಬಿಟ್ಟ ಬಾಯಿ ಬಿಟ್ಟುಕೊಂಡೇ ಕೂತಿದ್ದ. ಗೆನ್ಸಾಕುವೇ ಅವನನ್ನು ಎಬ್ಬಿಸಿ ನಿಲ್ಲಿಸಬೇಕಾಯಿತು.

ಅಲ್ಲಿಂದ ಮುದುಕನಿಗೆ ಮದುವೆಯ ಕಳೆ. ಮನೆಗೆ ಹೊಸ ಚಾಪೆ ಬಂತು, ಬಾಗಿಲಿಗೆ ಮಡಿಯ ಗುರುತಿನ ಹುಲ್ಲಿನ ಹಗ್ಗ ಬಂತು. ಬೆಳಗಾದರೆ ಕಡಲಿಗಿಳಿದು ಹಲ್ಲು ಕಟಕಟ ಎನ್ನುತ್ತ ಮುಳುಗಿ ಬರುತ್ತಿದ್ದ. ಬೇರೆ ಒಲೆ ಹೂಡಿ ತನ್ನ ಅನ್ನ ತಾನೇ ಬೇಯಿಸಿಕೊಂಡ. ಸಾವಿನ ಸೂತಕವಾಗಲಿ, ಹೆರಿಗೆಯ ಸೂತಕವಾಗಲಿ ತಟ್ಟಿದರೆ ದೇವರು ಆ ಮನೆಯ ಹೊಸಿಲು ತುಳಿಯುವಂತಿಲ್ಲ. ಸೂತಕ ಹಬ್ಬುವುದು ಬೆಂಕಿಯಿಂದ. ಹೆರಿಗೆ ಮನೆಯ ಒಲೆಯಲ್ಲಿ ಕಾದ ನೀರಿನ ಒಂದು ಗುಟುಕು ಚಹಾ ಸಾಕು, ಎಲ್ಲ ಮುಗಿಯಿತು.

ಮಗಳು ಮಿತ್ಸು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳನ್ನು ಗುಡ್ಡದ ಬದಿಯ ಚಿಕ್ಕಮ್ಮನ ಮನೆಗೆ ಕಳಿಸಿದವನು ಅವನೇ. ಅವಳು ಗಂಟು ಎತ್ತಿಕೊಂಡು ಹೋದಳು. ಆಗ ಅವನು ತಲೆ ತಗ್ಗಿಸಿ ಸೋಯಾ ಕಾಳು ಆರಿಸುವವನಂತೆ ನಟಿಸಿದ್ದ. ಹೆರಿಗೆಗೆ ಇನ್ನೂ ತಿಂಗಳಿದೆಯಲ್ಲ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ.

ದೇವರು ಬರುವ ದಿನ ಟೊಕುಮಾತ್ಸು ಬಿಳಿ ಉಡುಪು ತೊಟ್ಟು, ಕೂರಲಾರದೆ ನಿಲ್ಲಲಾರದೆ ಅಂಗಳದಲ್ಲಿ ಸುತ್ತುತ್ತಿದ್ದ. ಗುಡಿಯ ಕಡೆಯಿಂದ ಡೋಲಿನ ಸದ್ದು ಶುರುವಾಗಿತ್ತು. ಅಷ್ಟರಲ್ಲಿ ಹೆಂಡತಿ ಓಡಿಬಂದು ಬೇಲಿಯಾಚೆಯೇ ನಿಂತಳು. ಹೆರಿಗೆ ಮನೆಯಿಂದ ಬಂದವಳು, ಒಳಗೆ ಕಾಲಿಡಲಿಲ್ಲ. ಬೆಳಗಿನಿಂದ ಮಿತ್ಸುಗೆ ನೋವು ಬರುತ್ತಿದೆ, ಮಗು ಬರುತ್ತಿಲ್ಲ, ಸೂಲಗಿತ್ತಿಗೂ ದಿಕ್ಕು ತೋಚುತ್ತಿಲ್ಲ ಎಂದಳು.

"ನೀವು ಬರ್ಬೇಡಿ. ತಿಳಿಸ್ಬೇಕು ಅನ್ನಿಸ್ತು, ಅಷ್ಟೆ."

ಅವಳು ತಿರುಗಿ ಓಡಿದಳು. ಇವನೂ ಹಿಂದೆಯೇ ಓಡಿದ. ಗದ್ದೆಯ ಬದುವಿನ ಮೇಲೆ ಬಿಳಿ ಉಡುಪು ಮೊಣಕಾಲಿಗೆ ಎತ್ತಿ ಹಿಡಿದು ಓಡುತ್ತಿದ್ದ ಯಜಮಾನನನ್ನು ಕಂಡವರು ದಂಗಾದರು. ಹೊರಗೆ ನಿಂತರೆ ಸೂತಕವಿಲ್ಲ, ಕೇಳಿಸಿಕೊಂಡರೆ ಸೂತಕವಿಲ್ಲ ಎಂದುಕೊಳ್ಳುತ್ತ ಚಿಕ್ಕಮ್ಮನ ಮನೆಯ ಗೋಡೆಗೆ ಆತು ನಿಂತ.

ಒಳಗೆ ನರಳಾಟದ ನಡುವೆ ಮಿತ್ಸು ಕೇಳಿದಳು: "ಅಪ್ಪ ಬಂದ್ರಾ?"

"ದೇವರ ಕೆಲಸ ಕಣೆ, ಹೇಗೆ ಬರ್ತಾರೆ?" ಎಂದಳು ಚಿಕ್ಕಮ್ಮ.

"ಗೊತ್ತು."

ಆ ಒಂದು ಮಾತಿಗೆ ಟೊಕುಮಾತ್ಸು ಗೋಡೆ ಬಿಟ್ಟು ಬಾಗಿಲಿಗೆ ಓಡಿದ. ಸರ್ರನೆ ಬಾಗಿಲು ಸರಿಸಿ ಒಳಗೆ ನುಗ್ಗಿದ. ಒಲೆಯ ಮೇಲಿನ ಕೆಟಲಿನಿಂದ ಚಹಾ ಬಗ್ಗಿಸಿಕೊಂಡು, ಚಿಕ್ಕಮ್ಮ ಬೇಡ ಬೇಡ ಎಂದು ಕೈ ಹಿಡಿಯುವಷ್ಟರಲ್ಲಿ ಗಟಗಟ ಕುಡಿದ. ಆಮೇಲೆ ಕಾಗದದ ಬಾಗಿಲಿನ ಈಚೆ ಕೂತು ಕೂಗಿದ.

"ಮಿತ್ಸು, ಇಲ್ಲೇ ಇದೀನಿ ಕಣೆ. ಈ ಮನೆ ಚಹಾನೇ ಕುಡಿದೆ."

ಅದರ ಅರ್ಥ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಪ್ಪ, ನಿಮಗೆ ತಲೆ ಕೆಟ್ಟಿದೆ" ಎಂದು ಅಳುತ್ತಳುತ್ತಲೇ ನಕ್ಕಳು, ಮರುಗಳಿಗೆ ಕಿರುಚಿದಳು, ಮತ್ತೆ ಕಿರುಚಿದಳು. ಆಮೇಲೆ ಕೇಳಿಬಂದ ಕಿರುಚಾಟ ಅವಳದಾಗಿರಲಿಲ್ಲ. ಹೆಣ್ಣು, ತಾಯಿ ಚೆನ್ನಾಗಿದಾಳೆ ಎಂದು ಸೂಲಗಿತ್ತಿ ಕೂಗಿ ಹೇಳಿದಳು.

ಗುಡಿಯಲ್ಲಿ ದೇವರ ಪೆಟ್ಟಿಗೆ ಹೊತ್ತು ಹೊರಡುವುದೊಂದೇ ಬಾಕಿ. ಟೊಕುಮಾತ್ಸು ಏದುಸಿರು ಬಿಡುತ್ತ ಬಂದು ಕಲ್ಲಿನ ಹೆಬ್ಬಾಗಿಲಿನ ಆಚೆಯೇ ಗಕ್ಕನೆ ನಿಂತುಬಿಟ್ಟ. ಡೋಲು ನಿಂತಿತು. ಅರ್ಚಕರು ಏನಾಯಿತೆಂದು ಮುಂದೆ ಬಂದರು, ಗೆನ್ಸಾಕು ಗಾಬರಿಯಿಂದ ಅವರಿಗಿಂತ ಮುಂದೆ ಓಡಿಬಂದ. ಟೊಕುಮಾತ್ಸು ಎರಡೂ ಕೈ ಚಾಚಿ ತಡೆದ. ಅವನ ಮುಖ ಅರಳಿತ್ತು.

"ಯಾರೂ ಹತ್ರ ಬರ್ಬೇಡಿ, ನಂಗೆ ಸೂತಕ. ಬೇರೆ ಚೀಟಿ ಎತ್ತಿ. ನಂಗೆ ಮೊಮ್ಮಗಳು ಹುಟ್ಟಿದಾಳೆ."