ಮಗಳ ಎಡಗಿವಿ

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಬಿಂಡಿಗನವಿಲೆಯ ನಮ್ಮ ಬೀದಿಯ ಮಕ್ಕಳಿಗೆಲ್ಲ ಗದ್ದಬಾವು ಬಂತು. ಕೆನ್ನೆ ಊದಿ, ಎಂಜಲು ನುಂಗಲೂ ಆಗದೆ ಅಳುತ್ತಿದ್ದವು. ನಮ್ಮ ಮನೆಗೆ ಅದು ಬಂದದ್ದು ಪಕ್ಕದಲ್ಲೇ ಇರುವ ವಾರಗಿತ್ತಿಯ ಮಗನಿಂದ. ಅವನ ಕೆನ್ನೆ ನೋಡಿ ನಾನು, "ಅಕ್ಕಾ, ವಾಸಿಯಾಗೋಗಂಟ ಮನೇಲೇ ಇಟ್ಕೊ" ಅಂದೆ.

"ಟೆಸ್ಟು ನಡೀತಾವೆ ಕಣವ್ವ. ಇದು ಯಾವ ಮಕ್ಳಿಗೆ ಬರಕಿಲ್ಲ ಯೋಳು?" ಎಂದು ಕಿವಿ ಮುಚ್ಚುವ ಟೋಪಿ ಹಾಕಿ ಅವನನ್ನು ಸ್ಕೂಲ್ ವ್ಯಾನು ಹತ್ತಿಸಿದಳು.

ನಾನು ಮಗಳನ್ನು ಕಳಿಸಲಿಲ್ಲ. ಸಂಜೆ ಹಸು ಕಟ್ಟಿ ಒಳಗೆ ಬಂದರೆ, ಅವನು ನಮ್ಮ ಹಜಾರದಲ್ಲಿ ಕೂತು ಅವಳ ಲೋಟದಲ್ಲೇ ಹಾಲು ಕುಡಿಯುತ್ತಿದ್ದ. ಕೊಟ್ಟವರು ನಮ್ಮತ್ತೆ. "ಅಣ್ಣ ತಂಗೀನ ಬ್ಯಾರೆ ಮಾಡ್ತೀಯೇನವ್ವ?" ಎಂದು ನನ್ನನ್ನೇ ಗದರಿದರು.

ಅವನು ವಾಸಿಯಾಗಿ ಬೀದಿಯಲ್ಲಿ ಕುಣಿಯುವ ಹೊತ್ತಿಗೆ ಮಗಳು ಮಲಗಿದಳು. ಅತ್ತೆ ತಮ್ಮ ಚಿನ್ನದ ಸರ ತೆಗೆದು ಅವಳ ಕೊರಳಿಗೆ ಹಾಕಿದರು, ಬಾವು ಇಳಿಯುತ್ತದಂತೆ. ನಾಗಮಂಗಲದ ಡಾಕ್ಟರು ಕೊಟ್ಟ ಔಷಧಿಗೆ ಜ್ವರ ಬಿಟ್ಟಿತು. ಊತವೂ ಇಳಿಯಿತು. ಎಲ್ಲರೂ ಮರೆತೆವು.

ನನ್ನ ಗಂಡ ಎಳನೀರಿನ ಲೋಡು ತೆಗೆದುಕೊಂಡು ಬೆಂಗಳೂರಿಗೆ ಹೋಗಿದ್ದವರು ಒಂದು ಮಧ್ಯಾಹ್ನ ಫೋನ್ ಮಾಡಿದರು. ಮಗಳು ಫೋನನ್ನು ಎಡಗಿವಿಗೆ ಇಟ್ಟುಕೊಂಡು, "ಅಪ್ಪಾ, ಅಪ್ಪಾ" ಎಂದು ಕೂಗಿ, "ಅಮ್ಮಾ, ಕಟ್ಟಾಗೋಯ್ತು" ಎಂದು ನನಗೆ ಕೊಟ್ಟಳು. ನಾನು ನಿಂತಲ್ಲಿಗೇ ಅವರ ದನಿ ಕೇಳುತ್ತಿತ್ತು. ಫೋನನ್ನು ಅವಳ ಬಲಗಿವಿಗೆ ಹಿಡಿದೆ. ನಕ್ಕಳು. ಮತ್ತೆ ಎಡಗಿವಿಗೆ ಹಿಡಿದೆ. ಸುಮ್ಮನೆ ನನ್ನ ಮುಖ ನೋಡಿದಳು.

ಮೈಸೂರಿನಲ್ಲಿ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಗದ್ದಬಾವಿನಿಂದ ಅಪರೂಪಕ್ಕೆ ಹೀಗಾಗುತ್ತಮ್ಮ. ಈ ಕಿವಿ ಮತ್ತೆ ಕೇಳಿಸಲ್ಲ" ಅಂದರು.

ಊರಿಗೆ ಬಂದವಳೇ ವಾರಗಿತ್ತಿಯ ಬಾಗಿಲಲ್ಲಿ ನಿಂತು ಹೇಳಿದೆ. ಅವಳು ಹೆಸರುಕಾಳು ಕೇರುವುದನ್ನೂ ನಿಲ್ಲಿಸಲಿಲ್ಲ. "ನನ್ ಮಗನ್ಗೂ ಬಂದಿತ್ತು, ಅವನ್ಗೇನಾಯ್ತು? ನಿನ್ ಮಗಳ ಅಣೇಬರ" ಅಂದಳು.

ಅತ್ತೆ ನನ್ನನ್ನು ಒಳಗೆ ಎಳೆದುಕೊಂಡು ಬಂದರು. "ಊರೆಲ್ಲ ಸಾರ್ಬ್ಯಾಡ. ನಾಳೆ ಇವಳ್ನ ಯಾರು ಮದ್ವೆ ಆಯ್ತಾರೆ? ಇನ್ನೊಂದು ಕಿವಿ ಐತಲ್ಲ ಬುಡು."

ಪಕ್ಕದಲ್ಲೇ ಮಗಳು ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂತಿದ್ದಳು. ಆ ಇನ್ನೊಂದು ಕಿವಿಗೆ ಎಲ್ಲವೂ ಕೇಳಿಸುತ್ತಿತ್ತು.

ನಾನು ಸಾರಿದೆ. ಟೀಚರಿಗೆ, ವ್ಯಾನಿನ ಡ್ರೈವರಿಗೆ, ಡೇರಿಯಲ್ಲಿ ಹಾಲು ಹಾಕಲು ನಿಂತವರಿಗೆಲ್ಲ ಹೇಳಿದೆ. ಒಂದು ಬೆಳಿಗ್ಗೆ ಅಲ್ಲಿಗೆ ಒಬ್ಬಳು ಕೆನ್ನೆ ಊದಿದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ನನ್ನ ಮಗಳ ಕಥೆ ಹೇಳಲು ಬಾಯಿ ತೆರೆದೆ. ಅವಳು ಸೆರಗಿನಿಂದ ಕೂಸಿನ ಮುಖ ಮುಚ್ಚಿ, "ನಿನ್ ಬಾಯಿಗೆ ಬೆಂಕಿ ಬೀಳ" ಎಂದು ಸಾಲಿನ ಆ ತುದಿಗೆ ಹೋಗಿ ನಿಂತಳು. ರೋಗ ನನ್ನ ಮಾತಿನಿಂದಲೇ ಅಂಟುತ್ತದೆ ಎಂಬಂತೆ.

ಈಗ ಮಗಳನ್ನು ಹಿಂದಿನಿಂದ ಕರೆದರೆ ದನಿ ಯಾವ ಕಡೆಯದೆಂದು ತಿಳಿಯದೆ ಸುತ್ತ ತಿರುಗಿ ಹುಡುಕುತ್ತಾಳೆ. ಟ್ರಾಕ್ಟರಿನ ಹಾರನ್ನಿಗೂ ಹಾಗೆಯೇ. ಅದಕ್ಕೇ ರಸ್ತೆಯಲ್ಲಿ ಅವಳ ಕೈ ಬಿಡುವುದಿಲ್ಲ. ವಾರಗಿತ್ತಿಯ ಮಗ ಮಾತ್ರ ಬೇಕೆಂದೇ ಎಡಗಡೆ ನಿಂತು ಅವಳನ್ನು ಪಿಸುದನಿಯಲ್ಲಿ ಬೈದು ನಗುತ್ತಾನೆ. ಅವನ ತಾಯಿಯೂ ನಗುತ್ತಾಳೆ.