ಹರತಾಳದ ದಿನ ನಿನ್ನ ಅಪ್ಪ ಬಂದಿದ್ದರು

ನಿನ್ನ ಅಪ್ಪ ಬರಲಿಲ್ಲ ಎಂದು ಅಂದು ನಾನು ಹೇಳಿದ್ದು ಹಸಿ ಸುಳ್ಳು, ಮಗಳೇ. ಅವರು ಬಂದಿದ್ದರು. ನಮ್ಮ ಗೇಟಿನ ಹೊರಗೆ ನಿಂತಿದ್ದರು. ನೀನು ಒಳಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದೆ. ನಾನು ಎಬ್ಬಿಸಲಿಲ್ಲ — ಎಬ್ಬಿಸದೆ, ಅವರನ್ನು ಹಿಂದಕ್ಕೆ ಕಳುಹಿಸಿದೆ.

ಆಗ ನಿನಗೆ ಎಂಟು ವರ್ಷ. ನಾನೂ ಅವರೂ ಬೇರೆಯಾದ ಮೇಲೆ ಕೋರ್ಟು ಹೇಳಿದ್ದು ಸ್ಪಷ್ಟವಾಗಿತ್ತು: ಮಗು ತಾಯಿಯ ಹತ್ತಿರ ಇರಲಿ, ತಿಂಗಳ ಎರಡನೇ ಶನಿವಾರ ಉಪ್ಪಳ ಸ್ಟೇಷನ್ನಿನಲ್ಲಿ ತಂದೆಗೆ ಒಪ್ಪಿಸಿ, ಸಂಜೆ ಅಲ್ಲಿಂದಲೇ ಕರೆದುಕೊಂಡು ಹೋಗಬೇಕು. ಅವರು ಮಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದರು, ನಾವು ನಮ್ಮೂರು ಮೀಂಜದಿಂದ ಬಸ್ಸಿನಲ್ಲಿ. ಸಂಜೆ ಮನೆಗೆ ಬಂದರೆ ನಿನ್ನ ಬಾಯಲ್ಲಿ ಬರೀ ಅಪ್ಪ. ಅಪ್ಪ ಕಡಲು ತೋರಿಸಿದರು, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡರು — ಅನ್ನ ಬೇಯಿಸಿ, ಜಡೆ ಹಾಕಿ, ಜ್ವರ ಬಂದಾಗ ನಿದ್ದೆಗೆಟ್ಟವಳು ನಾನು! ನನ್ನ ಹೊಟ್ಟೆ ಉರಿಯುತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಚಂದದ ಹೆಸರು ಇಡುವುದಿಲ್ಲ.

ಆ ಶನಿವಾರ ಹರತಾಳ. ನಮ್ಮ ಈ ಕೇರಳದ ಹರತಾಳವೆಂದರೆ ಗೊತ್ತಲ್ಲ — ಬಸ್ಸಿಲ್ಲ, ರಿಕ್ಷಾ ಇಲ್ಲ, ಅಂಗಡಿಯೂ ಇಲ್ಲ. ಸ್ಟೇಷನ್ನಿಗೆ ಹೋಗದಿರಲು ಒಳ್ಳೆಯ ನೆಪ ಸಿಕ್ಕಿತೆಂದು ನನಗೆ ಖುಷಿಯೇ ಆಗಿತ್ತು. ರೈಲು ಮಾತ್ರ ಓಡುತ್ತದೆ ಎಂಬುದು ತಲೆಗೆ ಹೋಗಲಿಲ್ಲ. ಅವರು ಉಪ್ಪಳದಲ್ಲಿ ಇಳಿದು, ನಮ್ಮನ್ನು ಕಾದು, ಕೊನೆಗೆ ಏರು ಬಿಸಿಲಿನಲ್ಲಿ ನಡೆದೇ ಮೀಂಜಕ್ಕೆ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು.

"ಮಗು ಎಲ್ಲಿ?" ಎಂದರು.

"ಅಣ್ಣನ ಮನೆಗೆ ಹೋಗಿದ್ದಾಳೆ. ನಿನ್ನೆಯೇ."

"ಇವತ್ತು ನನ್ನ ದಿನ ಅಲ್ವಾ? ಕೋರ್ಟಿನ ಆರ್ಡರ್ ಉಂಟಲ್ಲ ಮಾರಾಯ್ತಿ."

"ಆರ್ಡರಿನಲ್ಲಿ ಉಪ್ಪಳ ಸ್ಟೇಷನ್ ಅಂತ ಉಂಟು. ನನ್ನ ಮನೆಯ ಗೇಟು ಅಂತ ಇಲ್ಲ."

ಬಿಸಿಲಲ್ಲಿ ಬಂದವರು ಯಾರೇ ಇರಲಿ, ಮೊದಲು ಬೆಲ್ಲ-ನೀರು ಕೊಡುವ ಊರು ನಮ್ಮದು. ನಾನು "ನೀರು ಬೇಕಾ" ಎಂದೂ ಕೇಳಲಿಲ್ಲ. ಅವರು ಬಂದ ದಾರಿಯಲ್ಲೇ ಹೋದರು.

ನೀನು ಎದ್ದು ಕಣ್ಣುಜ್ಜುತ್ತಾ ಕೇಳಿದೆ, "ಅಪ್ಪ ಬಂದ್ರಾ?" ಆಗ ನನ್ನ ಬಾಯಿಂದ ಬಂದ ಮಾತು — ಅಯ್ಯೋ, ಈ ನಾಲಿಗೆಗೆ ಏನಾಗಿತ್ತೋ — "ಇಲ್ಲ. ನೀನು ಬೇಕಾಗಿದ್ದರೆ ಹರತಾಳದಲ್ಲೂ ಬರುತ್ತಿದ್ದರು."

ನೀನು ಅಳಲಿಲ್ಲ. ಮುಂದಿನ ತಿಂಗಳು "ನಾನು ಸ್ಟೇಷನ್ನಿಗೆ ಬರುವುದಿಲ್ಲ" ಎಂದೆ. ನಾನು ಒತ್ತಾಯ ಮಾಡಲಿಲ್ಲ. ಅವರು ಪುನಃ ಕೋರ್ಟಿಗೆ ಹೋದರು. ಜಡ್ಜ್ ನಿನ್ನನ್ನು ಒಳಗೆ ಕರೆಸಿ ಕೇಳಿದಾಗ ನೀನು ನನ್ನ ಅದೇ ಮಾತನ್ನು ಹೇಳಿದೆಯಂತೆ — ವಕೀಲರು ಆಮೇಲೆ ತಿಳಿಸಿದರು. ಮಗುವಿಗೆ ಮನಸ್ಸಿಲ್ಲದೆ ಕಳುಹಿಸಬಾರದೆಂದು ಹೊಸ ಆದೇಶ ಬಂತು. ಎಲ್ಲರೂ ನಾನು ಗೆದ್ದೆ ಎಂದರು. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಸುಳ್ಳು ಹೇಳಬಾರದು ಎಂದು ಕಲಿಸುವ ಟೀಚರು ನಾನು. ಥೂ!

ಹೇಳಿಬಿಡಬೇಕೆಂದುಕೊಂಡದ್ದು ಎಷ್ಟು ಸಲವೋ — ನಿನ್ನ ಎಸ್ಸೆಸ್ಸೆಲ್ಸಿ ಮುಗಿಯಲಿ, ಕಾಲೇಜು ಮುಗಿಯಲಿ ಎಂದು... ಮೊನ್ನೆ ಮದುವೆಯ ಮಾತು ಬಂದಾಗ ನೀನು, "ನನಗೆ ಬೇಡಮ್ಮ. ಸ್ವಂತ ಅಪ್ಪನಿಗೇ ಬೇಡದವಳನ್ನು ಬೇರೆ ಯಾರು ಕೊನೆತನಕ ನೋಡಿಕೊಳ್ತಾರೆ?" ಎಂದೆ. ಅದನ್ನು ನಿನ್ನ ತಲೆಗೆ ತುಂಬಿದವಳು ನಾನು. ಅವರಿಗೆ ನೀನು ಬೇಕಾಗಿದ್ದೆ, ಮಗಳೇ.

ನನ್ನ ಹತ್ತಿರ ಮಾತು ಬಿಡು, ಮನೆ ಬಿಟ್ಟು ಹೋಗು — ನಾನು ತಡೆಯುವುದಿಲ್ಲ. ನಿನ್ನೆ ಅವರಿಗೆ ಫೋನು ಮಾಡಿದೆ. ಅಂದು ನೀನು ಒಳಗೇ ಇದ್ದೆ, ನಿನಗೂ ಸುಳ್ಳು ಹೇಳಿದ್ದೆ, ಇನ್ನು ಮುಚ್ಚಿಡುವುದಿಲ್ಲ ಎಂದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಇಷ್ಟೇ ಕೇಳಿದರು, "ಅವಳಿಗೆ ನನ್ನ ಗುರ್ತ ಸಿಗಬಹುದಾ?"